ಹೀಟರ್ ತಣ್ಣಗಿದ್ದರೆ ಎಂಜಿನ್ನನ್ನು ವಿಚಾರಿಸಿ

ಡಿಸೆಂಬರಿನ ಭಾನುವಾರ, ಬೆಳಗಿನ ಐದೂವರೆ. ಟಿ. ದಾಸರಹಳ್ಳಿಯ ಮೆಟ್ರೊ ಕಂಬಗಳ ಕೆಳಗೆ ತುಮಕೂರು ರಸ್ತೆ ಇನ್ನೂ ಪೂರ್ತಿ ಎಚ್ಚರಗೊಂಡಿಲ್ಲ. ರಾತ್ರಿಯಿಡೀ ಓಡಿಬಂದ ಲಾರಿಗಳು ಎಂಟನೇ ಮೈಲಿಯ ಅಂಚಿನಲ್ಲಿ ನಿಂತಿವೆ. ಟೀ ಅಂಗಡಿಯಲ್ಲಿ ಮೊದಲ ಹಾಲು ಉಕ್ಕುತ್ತಿದೆ. ಒಳರಸ್ತೆಯಿಂದ ಬಿಳಿ ಅಂಬಾಸಡರ್ ಒಂದು ಮೆಲ್ಲಗೆ ಹೊರಬಂದು ಹೆಸರಘಟ್ಟ ರಸ್ತೆಗೆ ತಿರುಗುತ್ತದೆ. ನಂದಿಬೆಟ್ಟಕ್ಕೆ ಹೊರಟ ಸಂಸಾರ ಅದು. ಒಳಗೆ ಐದು ಜನ, ಚಳಿಗೆ ಏರಿಸಿದ ಕಿಟಕಿಗಳು.

ಬಾಗಲಗುಂಟೆ ದಾಟುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾಗಿರುತ್ತದೆ. ಓಡಿಸುವವರು ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ಆಡಿಸುತ್ತಾರೆ. ಒರೆಸಿದ ಜಾಗ ಅರೆ ನಿಮಿಷದಲ್ಲಿ ಮತ್ತೆ ಮಬ್ಬು. ಪಕ್ಕದವರು ಡ್ಯಾಶ್‌ಬೋರ್ಡಿನ ಕೆಳಗಿರುವ ಹೀಟರಿನ ಗುಂಡಿ ಎಳೆಯುತ್ತಾರೆ. ಫ್ಯಾನ್ ಗುರುಗುಟ್ಟುತ್ತದೆ, ಬರುವುದು ಮಾತ್ರ ತಣ್ಣನೆ ಗಾಳಿ. ಎದುರಿನಿಂದ ಬರುವ ವಾಹನದ ದೀಪ ಆ ಮಬ್ಬು ಗಾಜಿನ ಮೇಲೆ ಬಿದ್ದು ಹರಡಿದಾಗ ರಸ್ತೆಯೇ ಕಾಣುವುದಿಲ್ಲ.

ಹಳೆಯ ಕಾರು ಸಾಕಿದವರಿಗೆಲ್ಲ ಇದು ಗೊತ್ತಿರುವ ತೊಂದರೆ. ‘ನಮ್ಮೂರಲ್ಲಿ ಹೀಟರ್ ಯಾಕೆ ಬಿಡಿ ಸಾರ್’ ಎಂಬ ಸಮಾಧಾನವೂ ಅಷ್ಟೇ ಪರಿಚಿತ. ಆದರೆ ಹೀಟರಿಗೆ ಬಿಸಿ ಕೊಡುವ ಸ್ವಂತ ಒಲೆ ಇಲ್ಲ. ಅದು ಎಂಜಿನ್ನಿನ ಬಿಸಿಯನ್ನು ಕಡ ತಂದು ಹಂಚುತ್ತದೆ. ಹಾಗಾಗಿ ಅದು ತಣ್ಣಗಾಯಿತೆಂದರೆ, ಎಂಜಿನ್ನನ್ನು ಕಾಯುವ ನೀರಿನ ವ್ಯವಸ್ಥೆಯಲ್ಲಿ ಎಲ್ಲೋ ಏನೋ ತಪ್ಪಿರುವ ಸಾಧ್ಯತೆ ಬಹಳ. ಅದನ್ನು ಸರಿಯಾಗಿ ಓದಿಕೊಂಡರೆ ದೊಡ್ಡ ಖರ್ಚೊಂದು ತಪ್ಪುತ್ತದೆ.

ನಮ್ಮೂರಿಗೂ ಹೀಟರ್ ಬೇಕೆ?

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್. 1884ರ ಜನವರಿ 13ರಂದು. ಸಾಮಾನ್ಯ ಜನವರಿಯ ಮುಂಜಾನೆ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಂದು ಸ್ವೆಟರ್ ಸಾಕಾಗುವ ಚಳಿ. ಮೈ ಬೆಚ್ಚಗಾಗಲು ಹೀಟರ್ ಬೇಕೇಬೇಕು ಎನ್ನುವಂತಿಲ್ಲ.

ಆದರೆ ಹೀಟರಿನ ದೊಡ್ಡ ಕೆಲಸ ಗಾಜಿನದು. ಮುಚ್ಚಿದ ಕಾರಿನೊಳಗೆ ಕುಳಿತವರ ಉಸಿರಿನಿಂದ ತೇವ ತುಂಬುತ್ತದೆ. ಹೊರಗಿನ ಚಳಿಗೆ ತಣಿದ ಗಾಜಿಗೆ ಆ ತೇವ ತಾಗಿದೊಡನೆ ಸಣ್ಣ ಹನಿಗಳಾಗಿ ಕೂರುತ್ತದೆ. ಬಿಸಿ ಗಾಳಿ ಗಾಜಿನ ಬುಡಕ್ಕೆ ಬಡಿದರೆ ಎರಡು ಉಪಕಾರ: ಗಾಜು ಬೆಚ್ಚಗಾಗಿ ಹನಿ ಕೂರುವುದು ನಿಲ್ಲುತ್ತದೆ, ಬಿಸಿಯಾದ ಗಾಳಿ ಈಗಾಗಲೇ ಕೂತ ತೇವವನ್ನು ಹೀರಿಕೊಳ್ಳುತ್ತದೆ. ಏಸಿ ಇಲ್ಲದ ಹಳೆಯ ಕಾರಿನಲ್ಲಿ ಕಿಟಕಿ ಇಳಿಸುವುದನ್ನು ಬಿಟ್ಟರೆ ಇರುವ ದಾರಿ ಇದೊಂದೇ. ಜುಲೈ ತಿಂಗಳ ಜಡಿಮಳೆಯಲ್ಲಿ, ಚಾರ್ಮಾಡಿ ಘಾಟಿಯ ಮಂಜಿನಲ್ಲಿ, ಮಡಿಕೇರಿಯ ಇಳಿಜಾರಿನಲ್ಲಿ ಕಿಟಕಿ ಇಳಿಸಿಕೊಂಡು ಹೋಗುವುದು ಎಷ್ಟು ಹೊತ್ತು ಸಾಧ್ಯ?

ಇನ್ನೊಂದು ಉಪಯೋಗವನ್ನು ಅನುಭವಿ ಚಾಲಕರು ಬಲ್ಲರು. ಗೊರಗುಂಟೆಪಾಳ್ಯದ ದಟ್ಟಣೆಯಲ್ಲಿ ಸಿಕ್ಕಿಕೊಂಡು ಎಂಜಿನ್ನಿನ ಮುಳ್ಳು ಕೆಂಪಿನತ್ತ ಏರತೊಡಗಿದಾಗ, ಕಿಟಕಿ ಇಳಿಸಿ ಹೀಟರನ್ನು ಪೂರ್ತಿ ತೆರೆದರೆ ಮುಳ್ಳು ತುಸು ಇಳಿಯುತ್ತದೆ. ಒಳಗಿದ್ದವರು ಬೆವರುತ್ತಾರೆ, ಎಂಜಿನ್ ಉಸಿರಾಡುತ್ತದೆ. ರಸ್ತೆಬದಿಗೆ ಸರಿದು ನಿಲ್ಲಿಸುವವರೆಗೆ ಇದು ಕಾಯುತ್ತದೆ. ಕೆಟ್ಟ ಹೀಟರ್ ಈ ಆಸರೆಯನ್ನೂ ಕಸಿದುಕೊಳ್ಳುತ್ತದೆ.

ಬಿಸಿ ಬರುವುದೆಲ್ಲಿಂದ

ಕಾರು ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಸುಮಾರು ಕಾಲು ಭಾಗ. ಉಳಿದದ್ದರಲ್ಲಿ ಒಂದು ದೊಡ್ಡ ಪಾಲು ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲನ್ನು ಎಂಜಿನ್ ಸುತ್ತ ಹರಿಯುವ ನೀರು ಹೊತ್ತೊಯ್ಯುತ್ತದೆ. ಆ ನೀರು ರೇಡಿಯೇಟರಿಗೆ ಹೋಗಿ, ತಣಿದು, ವಾಟರ್ ಪಂಪಿನ ಮೂಲಕ ಮತ್ತೆ ಎಂಜಿನ್ನಿಗೆ ಬರುತ್ತದೆ.

ಈ ಹರಿವಿನಿಂದ ಒಂದು ಕವಲನ್ನು ತೆಗೆದು ಡ್ಯಾಶ್‌ಬೋರ್ಡಿನ ಹಿಂದಕ್ಕೆ ತಂದರೆ ಅದೇ ಹೀಟರ್. ಬೆರಳು ಗಾತ್ರದ ಎರಡು ರಬ್ಬರ್ ಹೋಸ್ ಪೈಪುಗಳು. ಒಂದು ಬಿಸಿನೀರು ತರುತ್ತದೆ, ಇನ್ನೊಂದು ವಾಪಸ್ ಒಯ್ಯುತ್ತದೆ. ನಡುವೆ ಪುಸ್ತಕದಷ್ಟು ಅಗಲದ ಪುಟ್ಟ ರೇಡಿಯೇಟರ್. ಮೆಕ್ಯಾನಿಕ್‌ಗಳು ಅದನ್ನು ಹೀಟರ್ ಕೋರ್ ಎನ್ನುತ್ತಾರೆ. ಹಿಂದೊಂದು ಬ್ಲೋವರ್ ಫ್ಯಾನ್, ನೀರು ಬಿಡಲು-ನಿಲ್ಲಿಸಲು ಒಂದು ವಾಲ್ವ್, ಗಾಳಿಯನ್ನು ಗಾಜಿಗೋ ಕಾಲಿಗೋ ತಿರುಗಿಸಲು ತಗಡಿನ ಒಂದೆರಡು ಬಾಗಿಲು. ಇಷ್ಟೇ ಸಾಮಾನು.

ಮೊದಲ ಕಾಲದ ಕಾರುಗಳಲ್ಲಿ ಇದೂ ಇರಲಿಲ್ಲ. ಶೀತ ದೇಶಗಳ ಪ್ರಯಾಣಿಕರು ಕಾಯಿಸಿದ ಇಟ್ಟಿಗೆಯನ್ನೋ ಕೆಂಡದ ಪೆಟ್ಟಿಗೆಯನ್ನೋ ಕಾಲಡಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಎಂಜಿನ್ನಿನ ನೀರನ್ನು ಬಳಸುವ ಹೀಟರುಗಳು 1930ರ ದಶಕದಲ್ಲಿ ಹರಡಿದವು. ಹೊರಗಿನ ಗಾಳಿಯನ್ನು ಎಳೆದು, ಸೋಸಿ, ಬಿಸಿಮಾಡಿ ಒಳಗೆ ಬಿಡುವ ಏರ್ಪಾಟನ್ನು ಅಮೆರಿಕದ ನ್ಯಾಶ್ ಕಂಪನಿ 1938ರ ಮಾದರಿಗಳಲ್ಲಿ ತಂದಿತು. ಇಂದಿನ ಕಾರುಗಳ ಹೀಟರ್ ಅದೇ ದಾರಿಯಲ್ಲಿ ಬೆಳೆದದ್ದು.

ಅಂಬಾಸಡರ್, ಪದ್ಮಿನಿ, ಡಾಲ್ಫಿನ್

ನಮ್ಮ ರಸ್ತೆಗಳ ಹಳೆಯ ಕಾರುಗಳ ಕಥೆಯೇ ಬೇರೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಮಾದರಿಯಿಂದ ಹುಟ್ಟಿದ ಅಂಬಾಸಡರ್ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾಯಿತು. ಮೂಲದ ಬ್ರಿಟಿಷ್ ಕಾರಿನಲ್ಲೇ ಹೀಟರಿಗೆ ಬೇರೆ ಹಣ ಕೊಡಬೇಕಿತ್ತು. ದಕ್ಷಿಣ ಭಾರತದಲ್ಲಿ ಓಡಿದ ಅಂಬಾಸಡರುಗಳಲ್ಲಿ ಬಹಳಷ್ಟು ಹೀಟರ್ ಇಲ್ಲದೆಯೇ ಬಾಳಿದವು. ಈಗ ಅವನ್ನು ಅಕ್ಕರೆಯಿಂದ ಸಾಕುವವರು ಹೀಟರನ್ನು ಹುಡುಕಿ ತಂದು ಕೂರಿಸಿಕೊಳ್ಳುವುದುಂಟು. ಹೀಗೆ ನಂತರ ಜೋಡಿಸಿದ ಕಡೆ ಪೈಪು ಅದಲುಬದಲಾಗಿರುವುದು, ವಾಲ್ವ್ ತಪ್ಪು ದಿಕ್ಕಿಗೆ ಕೂತಿರುವುದು ಸಾಧ್ಯ. ಹಾಗಾಗಿ ‘ಮೊದಲಿನಿಂದಲೂ ಬಿಸಿ ಬಂದಿಲ್ಲ’ ಎನ್ನುವ ಕಾರಿಗೂ ‘ಹೋದ ವರ್ಷದವರೆಗೆ ಚೆನ್ನಾಗಿತ್ತು’ ಎನ್ನುವ ಕಾರಿಗೂ ತಪಾಸಣೆ ಬೇರೆಬೇರೆ ಕಡೆಯಿಂದ ಶುರುವಾಗಬೇಕು. ಮೊದಲನೆಯದರಲ್ಲಿ ಜೋಡಣೆಯನ್ನು ಅನುಮಾನಿಸಿ, ಎರಡನೆಯದರಲ್ಲಿ ಸವೆತವನ್ನು.

ಲೋಹವೂ ಮುಖ್ಯ. ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಬ್ಲಾಕ್, ಹೆಡ್ ಎರಡೂ ಎರಕದ ಕಬ್ಬಿಣ. ಬರಿ ನೀರು ಹಾಕಿ ಓಡಿಸಿದರೆ ಅದು ತುಕ್ಕು ಉದುರಿಸುತ್ತದೆ. ಆ ಕೆಂಪು ಕೆಸರು ಹೋಗಿ ಕೂರುವುದು ಹೀಟರ್ ಕೋರಿನ ಸಣ್ಣ ನಾಳಗಳಲ್ಲಿ. ಫಿಯೆಟ್ 1100ರ ವಂಶದ ಪ್ರೀಮಿಯರ್ ಪದ್ಮಿನಿಗೆ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯುಮಿನಿಯಂ ಹೆಡ್. ಎರಡು ಲೋಹಗಳ ನಡುವೆ ಬರಿ ನೀರು ನಿಂತರೆ ಮೆದುವಾದ ಅಲ್ಯುಮಿನಿಯಂ ತಿಂದುಹೋಗುತ್ತದೆ.

ಬೆಂಗಳೂರಿನದೇ ಆದ ಕಾರೊಂದನ್ನು ಇಲ್ಲಿ ನೆನೆಯಬೇಕು. ಸಿಪಾನಿ ಸಂಸ್ಥೆ 1970ರ ದಶಕದಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರನ್ನು, 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಆಧರಿಸಿದ ಡಾಲ್ಫಿನ್ ಕಾರನ್ನು ಈ ಊರಿನಲ್ಲಿ ತಯಾರಿಸಿತು. ಡಾಲ್ಫಿನ್ ಮೈ ಫೈಬರ್‌ನದು, 848 ಸಿಸಿ ಎಂಜಿನ್ ಅಲ್ಯುಮಿನಿಯಂ ಮಿಶ್ರಲೋಹದ್ದು. ಉಳಿದಿರುವ ಡಾಲ್ಫಿನ್‌ಗಳು ಬೆರಳೆಣಿಕೆ. ಬಿಡಿಭಾಗ ಸಿಗುವುದು ಇನ್ನೂ ದುರ್ಲಭ. ಅಂಥ ಎಂಜಿನ್ನಿಗೆ ಕೂಲೆಂಟ್ ಬಿಟ್ಟು ನಲ್ಲಿ ನೀರು ಹಾಕುವುದು ಅದರ ಆಯುಸ್ಸನ್ನೇ ಕಡಿತಗೊಳಿಸಿದಂತೆ.

ಮೊದಲು ಮುಳ್ಳು ನೋಡಿ

ಹೀಟರ್ ಕೆಟ್ಟಿದೆ ಎಂದೊಡನೆ ಡ್ಯಾಶ್‌ಬೋರ್ಡ್ ಬಿಚ್ಚಲು ಹೊರಡುವುದು ದೊಡ್ಡ ತಪ್ಪು. ಹಳೆಯ ಪ್ಲಾಸ್ಟಿಕ್ಕು, ಒಣಗಿದ ವೈರು, ತುಕ್ಕು ಹಿಡಿದ ಸ್ಕ್ರೂ. ಒಂದು ಸಲ ಬಿಚ್ಚಿದರೆ ಮೊದಲಿನಂತೆ ಕೂರಿಸುವುದು ಕಷ್ಟ. ಬಿಚ್ಚದೆಯೇ ತಿಳಿಯಬಹುದಾದದ್ದು ಬೇಕಾದಷ್ಟಿದೆ.

ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಬಿಸಿ ಇರುವಾಗ ಎಂದಿಗೂ ಮುಟ್ಟಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಟ್ಟು ಆ ಕುದಿಯುವ ಬಿಂದುವನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಪೌಂಡ್ ಒತ್ತಡಕ್ಕೆ ಸುಮಾರು ಒಂದೂವರೆ ಡಿಗ್ರಿ. ಏಳು ಪೌಂಡಿನ ಮುಚ್ಚಳ ಹತ್ತು ಡಿಗ್ರಿಯಷ್ಟು ಅವಕಾಶ ಕೊಡುತ್ತದೆ. ಬಿಸಿ ಇದ್ದಾಗ ಅದನ್ನು ತಿರುಗಿಸಿದರೆ ಒತ್ತಡ ಒಮ್ಮೆಗೇ ಇಳಿದು, ನೀರು ಆ ಕ್ಷಣದಲ್ಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ.

ನೀರು ಕಡಿಮೆಯಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಮಟ್ಟ ಇಳಿದಾಗ ಮೊದಲು ಬರಿದಾಗುವುದು ಎತ್ತರದಲ್ಲಿರುವ ಹೀಟರಿನ ಕವಲು. ಅಲ್ಲಿ ಗಾಳಿ ಕಟ್ಟಿಕೊಂಡರೆ ನೀರು ಮುಂದೆ ಹೋಗುವುದಿಲ್ಲ. ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳುವುದು ಈ ಗಾಳಿಯ ಗುರುತು. ವೇಗವಾಗಿ ಓಡುವಾಗ ಬಿಸಿ ಬಂದು ಸಿಗ್ನಲ್‌ನಲ್ಲಿ ನಿಂತಾಗ ತಣ್ಣಗಾದರೂ ಅನುಮಾನ ಕಡಿಮೆ ನೀರಿನ ಮೇಲೆ, ಇಲ್ಲವೇ ಸವೆದ ವಾಟರ್ ಪಂಪಿನ ಮೇಲೆ. ಕಾರಿನ ಮೂತಿಯನ್ನು ಏರಿನ ಕಡೆಗೆ ನಿಲ್ಲಿಸಿ, ತಣ್ಣನೆ ಎಂಜಿನ್ನಿಗೆ ನೀರು ತುಂಬಿ, ಹೀಟರ್ ವಾಲ್ವ್ ತೆರೆದಿಟ್ಟು, ಮುಚ್ಚಳ ಹಾಕುವ ಮುನ್ನ ಸ್ವಲ್ಪ ಹೊತ್ತು ಓಡಿಸಿದರೆ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ.

ಗಾಳಿ ತೆಗೆದಷ್ಟೂ ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದರೆ ಎಚ್ಚರ. ಹೆಡ್ ಗ್ಯಾಸ್ಕೆಟ್ ಸುಟ್ಟು ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿರಬಹುದು. ನೀರಿನಲ್ಲಿ ಎಣ್ಣೆಯ ಪಸೆ, ಎಣ್ಣೆಯಲ್ಲಿ ಹಾಲುಬಣ್ಣ ಕಂಡರೆ ಆ ಕಾರನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಸರಿ.

ನೀರಿನ ಮಟ್ಟ ಸರಿಯಿದ್ದರೆ ಕಾರನ್ನು ಹದಿನೈದು ನಿಮಿಷ ಓಡಿಸಿ ತಾಪಮಾನದ ಮುಳ್ಳು ನೋಡಿ. ಅದು ಮಧ್ಯಕ್ಕೆ ಬರದೆ ತಳದಲ್ಲೇ ಉಳಿದರೆ ಹೀಟರ್ ನಿರಪರಾಧಿ. ಎಂಜಿನ್ನೇ ಬಿಸಿಯಾಗಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಈ ಕಾರಿನಲ್ಲಿ ಥರ್ಮೋಸ್ಟಾಟ್ ಇದೆಯೇ?

ಕಿತ್ತುಹಾಕಿದ ಥರ್ಮೋಸ್ಟಾಟ್

ಥರ್ಮೋಸ್ಟಾಟ್ ಎಂಬುದು ಎಂಜಿನ್ನಿಗೂ ರೇಡಿಯೇಟರಿಗೂ ನಡುವಿನ ಬಾಗಿಲು. ಅದರೊಳಗಿನ ಮೇಣ ಸುಮಾರು 82 ಡಿಗ್ರಿಗೆ ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ಅಲ್ಲಿಯವರೆಗೆ ನೀರು ಎಂಜಿನ್ನಿನೊಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ಕಾರು ಮಾದರಿಗೆ ತಕ್ಕಂತೆ ಈ ಡಿಗ್ರಿ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ವಯಸ್ಸಾದ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಕಚ್ಚಿಕೊಂಡರೆ ಎಂಜಿನ್ ಕುದಿಯುತ್ತದೆ. ಆಗ ನಮ್ಮಲ್ಲಿ ರೂಢಿಯಲ್ಲಿರುವ ಪರಿಹಾರ ಅದನ್ನು ಕಿತ್ತು ಬಿಸಾಡುವುದು. ‘ನಮ್ಮ ಬಿಸಿಲಿಗೆ ಅದು ಬೇಡ’ ಎನ್ನುವ ಮಾತು ಎಷ್ಟೋ ಗ್ಯಾರೇಜುಗಳಲ್ಲಿ ಕಿವಿಗೆ ಬೀಳುತ್ತದೆ. ಕುದಿಯುವುದು ಆ ಹೊತ್ತಿಗೆ ನಿಲ್ಲುತ್ತದೆ, ಮಾಲೀಕರಿಗೆ ನೆಮ್ಮದಿ.

ಆದರೆ ಬಾಗಿಲೇ ಇಲ್ಲದ ಮೇಲೆ ಮೊದಲ ಕ್ಷಣದಿಂದಲೇ ನೀರೆಲ್ಲ ರೇಡಿಯೇಟರಿಗೆ ಓಡುತ್ತದೆ. ಬೆಂಗಳೂರಿನ ಹದಿನೈದು ಡಿಗ್ರಿಯ ಬೆಳಗಿನಲ್ಲಿ, ಖಾಲಿ ರಸ್ತೆಯಲ್ಲಿ ಎಂಜಿನ್ ಹದಕ್ಕೆ ಬರುವುದೇ ಇಲ್ಲ. ತಣ್ಣನೆ ಸಿಲಿಂಡರಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಗೋಡೆಗೆ ಅಂಟಿ, ಎಣ್ಣೆಯ ಪದರವನ್ನು ತೊಳೆದು ಕೆಳಗಿಳಿಯುತ್ತದೆ. ಎಣ್ಣೆ ತೆಳ್ಳಗಾಗುತ್ತದೆ. ಆವಿಯಾಗಿ ಹೋಗಬೇಕಿದ್ದ ತೇವ ಎಣ್ಣೆಯಲ್ಲೇ ಉಳಿದು ಜಿಡ್ಡುಗಟ್ಟುತ್ತದೆ. ಸಿಲಿಂಡರ್, ಪಿಸ್ಟನ್ ರಿಂಗ್ ಬೇಗ ಸವೆಯುತ್ತವೆ, ಮೈಲೇಜ್ ಬೀಳುತ್ತದೆ. ಇದೆಲ್ಲ ಕಣ್ಣಿಗೆ ಕಾಣದೆ ವರ್ಷಗಟ್ಟಲೆ ನಡೆಯುವ ಹಾನಿ. ಕಾಣುವ ಲಕ್ಷಣ ಒಂದೇ, ತಣ್ಣನೆ ಹೀಟರ್.

ಥರ್ಮೋಸ್ಟಾಟ್ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬಿಚ್ಚಿ ತಂದು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಡಿ, ನೀರು ಕಾಯಿಸಿ. ಕುದಿಯುವ ಮೊದಲೇ ಅದು ಬಾಯಿ ಬಿಡಬೇಕು, ತಣಿದಾಗ ಮುಚ್ಚಿಕೊಳ್ಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಹೊಸದನ್ನು ಹಾಕಿಸಿ. ಕಾರಿನಲ್ಲಿರುವ ಭಾಗಗಳಲ್ಲೇ ಅಗ್ಗವಾದವುಗಳಲ್ಲಿ ಇದೂ ಒಂದು.

ಎರಡು ಪೈಪು, ಮೂರು ಉತ್ತರ

ಮುಳ್ಳು ಮಧ್ಯದಲ್ಲಿದೆ, ನೀರಿನ ಮಟ್ಟ ಸರಿಯಿದೆ, ಆದರೂ ಬಿಸಿ ಇಲ್ಲ ಎಂದಾದರೆ ಎಂಜಿನ್ ನಿಲ್ಲಿಸಿ ಬಾನೆಟ್ ತೆರೆಯಿರಿ. ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನ ಗೋಡೆಯೊಳಕ್ಕೆ ಹೋಗುವ ಎರಡು ಹೋಸ್ ಪೈಪುಗಳನ್ನು ಹುಡುಕಿ. ಹೀಟರ್ ತೆರೆದಿಟ್ಟು ಓಡಿಸಿದ ಕೂಡಲೇ ಅವನ್ನು ಬಟ್ಟೆ ಹಿಡಿದ ಬೆರಳಿನಿಂದ ಸವರಿ ನೋಡಿ. ಅನುಭವಿ ಮೆಕ್ಯಾನಿಕ್‌ಗಳ ಮೊದಲ ಪರೀಕ್ಷೆ ಇದೇ.

ಎರಡೂ ಬಿಸಿ ಇದ್ದರೆ ನೀರು ಸರಿಯಾಗಿ ಹರಿಯುತ್ತಿದೆ. ಕೋರ್ ಬಿಸಿಯಾಗಿದೆ, ಆ ಬಿಸಿ ಒಳಗೆ ಬರುತ್ತಿಲ್ಲ. ತಪ್ಪಿರುವುದು ಗಾಳಿಯ ದಾರಿಯಲ್ಲಿ.

ಒಂದು ಬಿಸಿ, ಒಂದು ತಣ್ಣಗಿದ್ದರೆ ನಡುವೆ ಎಲ್ಲೋ ತಡೆಯಿದೆ. ವಾಲ್ವ್ ತೆರೆದಿಲ್ಲ ಅಥವಾ ಕೋರ್ ಕಟ್ಟಿಕೊಂಡಿದೆ. ವಾಲ್ವ್‌ನ ಎರಡೂ ಬದಿ ಮುಟ್ಟಿದರೆ ಯಾವುದೆಂದು ತಿಳಿಯುತ್ತದೆ. ವರ್ಷಗಟ್ಟಲೆ ಮುಟ್ಟದ ವಾಲ್ವ್ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಅದನ್ನು ಎಳೆಯುವ ಕೇಬಲ್ ಕಿತ್ತುಬಂದಿರಬಹುದು. ಒಳಗೆ ಗುಂಡಿ ಸರಾಗವಾಗಿ ಚಲಿಸುತ್ತದೆ, ಹೊರಗೆ ವಾಲ್ವ್ ಕದಲುವುದೇ ಇಲ್ಲ. ಒಬ್ಬರು ಗುಂಡಿ ಎಳೆಯುತ್ತಿರುವಾಗ ಇನ್ನೊಬ್ಬರು ಬಾನೆಟ್ ಕೆಳಗೆ ನೋಡಿದರೆ ನಿಮಿಷದ ಕೆಲಸ.

ಎರಡೂ ತಣ್ಣಗಿದ್ದರೆ ನೀರು ಹೀಟರಿನವರೆಗೆ ಬರುತ್ತಲೇ ಇಲ್ಲ. ಗಾಳಿ ಕಟ್ಟಿರಬಹುದು, ಪಂಪ್ ಸೋತಿರಬಹುದು, ವಾಲ್ವ್ ಎಂಜಿನ್ನಿನ ಬುಡದಲ್ಲೇ ಇದ್ದರೆ ಅದು ಮುಚ್ಚಿರಬಹುದು. ಹಿಂದಿನ ಯಾರೋ ಪೈಪನ್ನು ಎಂಜಿನ್ ಬದಿಯಲ್ಲೇ ಒಂದಕ್ಕೊಂದು ಜೋಡಿಸಿ ಹೀಟರನ್ನು ಬಿಟ್ಟುಬಿಟ್ಟಿರುವುದೂ ಉಂಟು.

ಬೋರ್‌ವೆಲ್ ನೀರಿನ ಬಳುವಳಿ

ಕೋರ್ ಕಟ್ಟಿಕೊಳ್ಳಲು ಮುಖ್ಯ ಕಾರಣ ನಾವು ಹಾಕುವ ನೀರು. 2007ರವರೆಗೆ ಪ್ರತ್ಯೇಕ ನಗರಸಭೆಯಾಗಿದ್ದ ದಾಸರಹಳ್ಳಿ ಮತ್ತು ಸುತ್ತಲ ಬಡಾವಣೆಗಳು ಬಹುಕಾಲ ಬೋರ್‌ವೆಲ್ಲನ್ನು ನೆಚ್ಚಿಕೊಂಡೇ ಬದುಕಿದವು. ಆ ಗಡಸು ನೀರು ಗೀಸರಿನ ಕಾಯಿಲ್ ಮೇಲೆ ಕಟ್ಟುವ ಬಿಳಿ ಪದರವನ್ನು ಇಲ್ಲಿಯ ಪ್ರತಿ ಗೃಹಿಣಿಯೂ ಕಂಡಿದ್ದಾರೆ. ಅದೇ ಪದರ ಎಂಜಿನ್ನಿನೊಳಗೂ ಕಟ್ಟುತ್ತದೆ. ರೇಡಿಯೇಟರಿನ ನಾಳಗಳಿಗಿಂತ ಕಿರಿದಾದ ಹೀಟರಿನ ನಾಳಗಳಲ್ಲಿ ಬೇಗ ಕಟ್ಟುತ್ತದೆ.

ಇದರ ಜೊತೆಗೆ ಹೆದ್ದಾರಿಯ ನಾಟಿ ಮದ್ದುಗಳು. ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಸುರಿಯುವುದು ಲಾರಿ ಚಾಲಕರ ಹಳೆಯ ಉಪಾಯ. ನಡುರಾತ್ರಿ ದಾರಿ ನಡುವೆ ಸಿಕ್ಕಿಬಿದ್ದವರಿಗೆ ಅದು ಊರು ಮುಟ್ಟಿಸುವ ಸಹಾಯ. ಆದರೆ ಸೂಜಿಮೊನೆಯಷ್ಟು ರಂಧ್ರ ಮುಚ್ಚುವ ಪುಡಿಗೆ ಹೀಟರ್ ಕೋರಿನ ನಾಳ ಯಾವುದು, ಸೋರುವ ತೂತು ಯಾವುದು ಎಂಬ ಭೇದ ಗೊತ್ತಿಲ್ಲ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿ-ದ್ರಾವಣಗಳಿಗೂ ಇದೇ ಮಾತು ಅನ್ವಯ. ಹಾಗೆ ಹಾಕಿ ಊರು ತಲುಪಿದ ಮೇಲೆ ಇಡೀ ವ್ಯವಸ್ಥೆಯನ್ನು ತೊಳೆಸಲೇಬೇಕು.

ತೊಳೆಯುವಾಗ ನೀರನ್ನು ಉಲ್ಟಾ ದಿಕ್ಕಿನಲ್ಲಿ, ಅಂದರೆ ವಾಪಸ್ ಬರುವ ಪೈಪಿನಿಂದ ಒಳಕ್ಕೆ ಬಿಡಬೇಕು. ಬಂದ ದಾರಿಯಲ್ಲೇ ಕೆಸರು ಹೊರಬರುತ್ತದೆ. ಒತ್ತಡ ಮೆತ್ತಗಿರಲಿ, ಹಳೆಯ ಬೆಸುಗೆ ಜೋರಾದ ಪಂಪಿಗೆ ಬಿಟ್ಟುಕೊಳ್ಳುತ್ತದೆ. ಹೊರಬರುವ ನೀರು ತಿಳಿಯಾಗುವವರೆಗೆ ಬಿಟ್ಟು, ಆಮೇಲೆ ಕೂಲೆಂಟನ್ನು ಶುದ್ಧೀಕರಿಸಿದ ಬ್ಯಾಟರಿ ನೀರಿನೊಂದಿಗೆ ಬೆರೆಸಿ ತುಂಬಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ ನಿಜ. ಕೂಲೆಂಟ್ ಬೇಕಿರುವುದು ತುಕ್ಕು ತಡೆಯಲು, ಕುದಿಯುವುದನ್ನು ಮುಂದೂಡಲು.

ಗಾಳಿಯ ದಾರಿ, ಕರೆಂಟಿನ ದಾರಿ

ಪೈಪುಗಳೆರಡೂ ಬಿಸಿಯಿದ್ದು ಒಳಗೆ ಬಿಸಿಯಿಲ್ಲವಾದರೆ ಮುಂದಿನ ಗಾಜಿನ ಬುಡದ ಜಾಲರಿ ನೋಡಿ. ಹೊಂಗೆ ಮರದಡಿ ನಿಲ್ಲಿಸುವ ಕಾರಿನಲ್ಲಿ ಉದುರಿದ ಹೂ-ಎಲೆ ಅಲ್ಲಿಂದ ಇಳಿದು ಹೀಟರಿನ ಪೆಟ್ಟಿಗೆಯಲ್ಲಿ ಕೊಳೆತು ಕೂತಿರುತ್ತದೆ. ವಾರಗಟ್ಟಲೆ ಓಡದ ಕಾರಿನಲ್ಲಿ ಇಲಿ ಗೂಡು ಕಟ್ಟಿರುತ್ತದೆ. ಗಾಳಿ ತಿರುಗಿಸುವ ತಗಡಿನ ಬಾಗಿಲುಗಳ ಅಂಚಿನ ಸ್ಪಂಜು ಪುಡಿಯಾಗಿ ಉದುರಿದ್ದರೆ ಬಿಸಿಯೂ ತಣ್ಣನೆಯದೂ ಬೆರೆತು ಉಗುರುಬೆಚ್ಚಗಿನ ಗಾಳಿ ಬರುತ್ತದೆ.

ಫ್ಯಾನೇ ತಿರುಗದಿದ್ದರೆ ಫ್ಯೂಸ್, ಸ್ವಿಚ್, ಅರ್ತ್ ವೈರ್, ಮೋಟಾರ್ ಎಂಬ ಕ್ರಮದಲ್ಲಿ ನೋಡಿ. ಹಳೆಯ ಕಾರಿನ ವಿದ್ಯುತ್ ದೋಷಗಳಲ್ಲಿ ಬಾಡಿಗೆ ಬಿಗಿದ ಅರ್ತ್ ತುಕ್ಕು ಹಿಡಿದಿರುವುದೇ ಬಹಳ ಸಲ ಕಾರಣ. ಉಜ್ಜಿ ಬಿಗಿದರೆ ಮುಗಿಯಿತು. ಜೋರು ವೇಗದಲ್ಲಿ ಮಾತ್ರ ತಿರುಗಿ ಕಡಿಮೆ ವೇಗದಲ್ಲಿ ನಿಂತುಹೋದರೆ ಮೋಟಾರ್ ಚೆನ್ನಾಗಿದೆ, ವೇಗ ತಗ್ಗಿಸುವ ರೆಸಿಸ್ಟರ್ ಹೋಗಿದೆ. ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಮೋಟಾರ್ ಪರೀಕ್ಷಿಸುವವರು ಒಂದು ಮಾತು ನೆನಪಿಡಿ: 1950ರ ದಶಕದ ಬ್ರಿಟಿಷ್ ಮೂಲದ ಹಲವು ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಅರ್ತ್. ನೋಡಿಕೊಳ್ಳದೆ ವೈರ್ ಮುಟ್ಟಿಸಬಾರದು. ಮತ್ತು ಫ್ಯೂಸ್ ಪದೇಪದೇ ಸುಡುತ್ತಿದ್ದರೆ ದಪ್ಪ ತಂತಿ ಸುತ್ತಿ ಮುಂದುವರಿಯುವುದು ಕಾರಿಗೇ ಬೆಂಕಿ ಆಹ್ವಾನಿಸಿದಂತೆ.

ಸಿಹಿ ವಾಸನೆ, ಒದ್ದೆ ಮ್ಯಾಟು

ಹೀಟರ್ ಹಾಕಿದೊಡನೆ ಗಾಜು ತಿಳಿಯಾಗುವ ಬದಲು ಎಣ್ಣೆ ಸವರಿದಂತೆ ಮಬ್ಬಾದರೆ, ಒಳಗೆ ಸಿಹಿಯಾದ ವಾಸನೆ ಬಂದರೆ, ಮುಂದಿನ ಸೀಟಿನ ಕಾಲಡಿಯ ಮ್ಯಾಟು ಒದ್ದೆಯಾಗಿದ್ದರೆ ಕೋರ್ ಸೋರುತ್ತಿದೆ. ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್‌ಗೆ ಸಿಹಿ ರುಚಿಯಿದೆ, ಅದು ವಿಷ. ಮಕ್ಕಳು, ನಾಯಿ-ಬೆಕ್ಕು ಅದರ ಹತ್ತಿರ ಹೋಗದಂತೆ ನೋಡಿಕೊಳ್ಳಬೇಕು. ನೆಲದ ತಗಡು ತುಕ್ಕು ಹಿಡಿಯುವುದೂ ಇಲ್ಲಿಂದಲೇ ಆರಂಭ.

ಕೋರ್ ಸೋರಿದಾಗ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಹೀಟರನ್ನು ಕೈಬಿಡುವುದು ಊರು ತಲುಪಲು ಒಳ್ಳೆಯ ದಾರಿ. ಅದನ್ನೇ ಶಾಶ್ವತವಾಗಿ ಬಿಟ್ಟರೆ ಗಾಜಿನ ಮಬ್ಬಿಗೆ ಪರಿಹಾರವೂ ಇಲ್ಲ, ಎಂಜಿನ್ನಿನ ಬಗ್ಗೆ ಎಚ್ಚರಿಕೆ ಕೊಡುವ ಗುರುತೂ ಇಲ್ಲ.

ಪೀಣ್ಯದ ಪಕ್ಕದಲ್ಲಿರುವ ಭಾಗ್ಯ

ಹಳೆಯ ಕಾರುಗಳ ಹೀಟರ್ ಕೋರ್ ಹಿತ್ತಾಳೆ-ತಾಮ್ರದ್ದು. ಅದನ್ನು ಬಿಚ್ಚಿ, ಕಡ್ಡಿ ಹಾಕಿ ನಾಳ ಬಿಡಿಸಿ, ಸೋರುವಲ್ಲಿ ಬೆಸೆದು ಮತ್ತೆ ಬಳಸಬಹುದು. ಲಾರಿಗಳ ರೇಡಿಯೇಟರಿಗೆ ದಿನವೂ ಬೆಸುಗೆ ಹಾಕುವ ಕೈಗಳು ತುಮಕೂರು ರಸ್ತೆಯ ಉದ್ದಕ್ಕೂ ಇವೆ. ಇತ್ತೀಚಿನ ಕಾರುಗಳ ಅಲ್ಯುಮಿನಿಯಂ-ಪ್ಲಾಸ್ಟಿಕ್ ಕೋರ್ ಹಾಗಲ್ಲ, ಸೋರಿದರೆ ಬದಲಿಸುವುದೇ. ಹಿತ್ತಾಳೆಯ ಬೆಸುಗೆ ಬಲ್ಲವರಿಗೆ ಕೆಲಸ ಕಡಿಮೆಯಾಗುತ್ತಿರುವುದು ಇದರಿಂದಲೇ.

ಸಿಗದ ಬಿಡಿಭಾಗಕ್ಕೂ ಈ ಊರಿನಲ್ಲಿ ದಾರಿಯಿದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಸಿಗದ ವಾಲ್ವ್ ಒಂದನ್ನು ಮಾದರಿ ಕೊಟ್ಟರೆ ಲೇತ್‌ನಲ್ಲಿ ಕಡೆದು ಕೊಡಬಲ್ಲ ಸಣ್ಣ ವರ್ಕ್‌ಶಾಪುಗಳು ಪೀಣ್ಯದಲ್ಲಿವೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಸ್ಥಾಪನೆಯಾದ ಮೇಲೆ ಈ ಸುತ್ತಮುತ್ತ ಯಂತ್ರದ ಕಸುಬು ಬೇರುಬಿಟ್ಟಿತು. 1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶ ಅದನ್ನು ಸಾವಿರಾರು ಕೈಗಳಿಗೆ ಹಂಚಿತು. ಹಳೆಯ ಕಾರಿನ ಮಾಲೀಕರಿಗೆ ಇಂಥ ನೆರೆಹೊರೆ ಸಿಗುವುದು ಅಪರೂಪ.

ಮೂಲರೂಪ ಉಳಿಸಿಕೊಳ್ಳಲು ಈಗ ಕಾನೂನಿನ ಕಾರಣವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, ಐವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡಿಲ್ಲದೆ ಮೂಲರೂಪದಲ್ಲಿ ಉಳಿದ ಖಾಸಗಿ ವಾಹನಗಳಿಗೆ ವಿಂಟೇಜ್ ಎಂಬ ಮಾನ್ಯತೆ ಸಿಗುತ್ತದೆ. ಅವುಗಳ ಹೊಸ ನೋಂದಣಿ ಸಂಖ್ಯೆಯಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ, ನೋಂದಣಿ ಹತ್ತು ವರ್ಷ ನಡೆಯುತ್ತದೆ. ಕಾರನ್ನು ಪರಂಪರೆಯೆಂದು ಒಪ್ಪಿಕೊಂಡ ಮೇಲೆ ಬಾನೆಟ್ ಹೊರಗಿನ ಬಣ್ಣಕ್ಕೆ ಕೊಡುವ ಗಮನವನ್ನು ಒಳಗಿನ ನೀರಿಗೂ ಕೊಡಬೇಡವೆ?

ಹಳೆಯ ಕಾರಿನವರು ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಮೂರು ಪ್ರಶ್ನೆ ಕೇಳಲಿ. ಥರ್ಮೋಸ್ಟಾಟ್ ಇದೆಯೇ, ಹೀಟರಿನ ಪೈಪು ಹೀಟರಿಗೇ ಸೇರಿದೆಯೇ, ಒಳಗಿರುವುದು ಕೂಲೆಂಟೋ ಬರಿ ನೀರೋ? ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಎಂಜಿನ್ನಿನ ನೀರಿನ ವ್ಯವಸ್ಥೆಯ ಬಗ್ಗೆ ಅರ್ಧ ಚಿಂತೆ ಕಳೆಯಿತು. ಸಿಗದಿದ್ದರೆ, ಕಿತ್ತದ್ದನ್ನು ಮರಳಿ ಹಾಕಿಸಿ, ಬಿಟ್ಟದ್ದನ್ನು ಮರಳಿ ಜೋಡಿಸಿ. ಹಿಂದೆ ಕಿತ್ತುಹಾಕಿದ ಒಂದೊಂದು ಭಾಗಕ್ಕೂ ಒಂದು ಕೆಲಸವಿತ್ತು. ಆ ಕೆಲಸ ತಿಳಿದು ನೋಡಿಕೊಂಡರೆ ಈ ಕಾರುಗಳು ಮುಂದಿನ ತಲೆಮಾರಿಗೂ ಓಡುವ ಸ್ಥಿತಿಯಲ್ಲಿ ಸಿಗುತ್ತವೆ.